ಜೋಪಾನಪ್ಪನ ಬಕೆಟ್ಟು

ಬೀಗ ಹಾಕಿ, ಎಳೆದು ನೋಡಿ, ನಾಲ್ಕು ಮೆಟ್ಟಿಲು ಇಳಿದು, ಮತ್ತೆ ಹತ್ತಿ ಬಂದು ಇನ್ನೊಮ್ಮೆ ಎಳೆದು ನೋಡುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ತನ್ನ ಮನೆಯ ಬೀಗ ಎಳೆದದ್ದು ಸಾಲದೆಂದು ಪಕ್ಕದ ಮನೆಯ ಬೀಗವನ್ನೂ ಒಂದು ಸಲ ಎಳೆದು ನೋಡಿ ಕೆಲಸಕ್ಕೆ ಹೋಗುವವನು ಆ ಕಟ್ಟಡದಲ್ಲಿ ಒಬ್ಬನೇ ಇದ್ದ. ಮಗು ಶಾಲೆಗೆ ಹೊರಟಿರಲಿ, ಮುದುಕರು ಗಾಳಿಗೆ ಹೊರಟಿರಲಿ, ಎದುರಾದವರಿಗೆಲ್ಲ ಅವನು ಹೇಳುತ್ತಿದ್ದ ಮೊದಲ ಮಾತು ‘ಜೋಪಾನ’. ಹೀಗಾಗಿ ಜೋಪಾನಪ್ಪ ಎಂಬ ಹೆಸರು ಬಿತ್ತು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತು.

ಅವನು ಕೆಲಸ ಮಾಡುತ್ತಿದ್ದದ್ದು ಒಂದು ಪುಟ್ಟ ಸಾಫ್ಟ್‌ವೇರ್ ಕಂಪನಿಯಲ್ಲಿ. ಯಾವ ಕಟ್ಟಡದ ಲಿಫ್ಟು ಯಾವ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡಿದೆ, ಒಳಗಿರುವವರು ಎಷ್ಟು ಹೊತ್ತಿನಿಂದ ಬಾಗಿಲು ಬಡಿಯುತ್ತಿದ್ದಾರೆ ಎಂಬುದನ್ನು ರಿಪೇರಿಯವರಿಗೆ ತಿಳಿಸುವ ಸಾಫ್ಟ್‌ವೇರು ಅವರದು. ಅದರ ಕೋಡು ಬರೆಯುವವರು ಬೇರೆ. ಜೋಪಾನಪ್ಪನದು ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ: ವೈರು ಸಡಿಲವಾದರೆ ಬಿಗಿ ಮಾಡುವುದು, ಪ್ರಿಂಟರಿಗೆ ಇಂಕು ತುಂಬುವುದು, ಪಾಸ್‌ವರ್ಡ್ ಮರೆತವರಿಗೆ ಬುದ್ಧಿ ಹೇಳಿ ಹೊಸದು ಕೊಡುವುದು. ವರ್ಷಾನುಗಟ್ಟಲೆ ಬರೆದ ಕೋಡೆಲ್ಲ ಮೆಟ್ಟಿಲ ಕೆಳಗಿನ ಗೂಡಿನಲ್ಲಿದ್ದ ಒಂದೇ ಒಂದು ಯಂತ್ರದಲ್ಲಿತ್ತು. ಆ ಗೂಡಿಗೆ ಅವನು ಎರಡು ಬೀಗ ಹಾಕಿದ್ದ.

ಒಂದು ದಿನ ಯಜಮಾನರು ಎಲ್ಲರನ್ನೂ ಕೂರಿಸಿಕೊಂಡು, ಪಕ್ಕದ ಬೀದಿಯ ಕಂಪನಿಯವರ ಯಂತ್ರ ಸುಟ್ಟು ಅಷ್ಟೂ ಕೋಡು ಹೊಗೆಯಾಯಿತಂತೆ, ನಮ್ಮದು ಹಾಗಾದರೆ ಏನು ಗತಿ ಎಂದು ಕೇಳಿದರು. ಎರಡು ಬೀಗ ಇದೆ ಸಾರ್ ಎಂದ ಜೋಪಾನಪ್ಪ. ಬೆಂಕಿ ಬೀಗ ತೆಗೆಸಿಕೊಂಡು ಬರುವುದಿಲ್ಲ ಎಂದರು ಯಜಮಾನರು. ಕೋಡು ಬರೆಯುವವರಲ್ಲಿ ಹಿರಿಯಳಾದ ದೊಡ್ಡ ಕನ್ನಡಕದಾಕೆ ತಲೆ ಎತ್ತದೆಯೇ, ದಿನಾ ಒಂದು ಪ್ರತಿ ಕ್ಲೌಡಿಗೆ ಹೋಗಿ ಬೀಳುವ ಹಾಗೆ ಮಾಡಿದರೆ ಆಯಿತು, ಅರ್ಧ ದಿನದ ಕೆಲಸ, ಮುಂದಿನ ವಾರ ನಾನೇ ಮಾಡುತ್ತೇನೆ ಎಂದಳು.

ಅವಳು ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. “ಜೋಪಾನಪ್ಪೋರಿಗೆ ಅದು ಹೊಸದು, ಕಷ್ಟ ಆಗಬಹುದು” ಎಂದು ಒಂದು ಮಾತು ಸೇರಿಸಿದಳು. ಕರುಣೆಯಿಂದಲೇ ಅಂದದ್ದು. ಆದರೆ ಭದ್ರತೆಯ ವಿಷಯದಲ್ಲಿ ಕರುಣೆ ತೋರಿಸಿಕೊಳ್ಳುವುದಕ್ಕೆ ಜೋಪಾನಪ್ಪ ಹುಟ್ಟಿರಲಿಲ್ಲ. “ಅದೆಲ್ಲ ನನಗೆ ಬಿಡಿ” ಎಂದುಬಿಟ್ಟ. ಅಷ್ಟು ಹೊತ್ತಿಗೆ ಕ್ಲೌಡಿನ ಬಗ್ಗೆ ಅವನಿಗೆ ತಿಳಿದಿದ್ದದ್ದು, ಅದು ನಿಜವಾದ ಮೋಡ ಅಲ್ಲ ಎಂಬುದೊಂದೇ.

ಮರುದಿನದಿಂದ ಅವನು ಕ್ಲೌಡಿನಲ್ಲಿ, ಅಂದರೆ ದೂರದ ಯಾರದೋ ಯಂತ್ರಗಳಲ್ಲಿ, ಒಂದು ಬಾಡಿಗೆ ಸಂಗ್ರಹದ ಖಾತೆ ತೆರೆದು ಅದರ ಮುಂದೆ ತಪಸ್ಸಿಗೆ ಕೂತ. ಅಲ್ಲಿ ಸಾಮಾನು ಹಾಕುವ ಜಾಗಕ್ಕೆ ಬಕೆಟ್ಟು ಎನ್ನುತ್ತಾರೆ. ಆ ಬಕೆಟ್ಟಿಗೆ ಲೋಕದಲ್ಲಿ ಯಾರೂ ಇಡದ ಹೆಸರು ಇಡಬೇಕು. ‘ಬ್ಯಾಕಪ್’ ಎಂದು ಕೊಟ್ಟ, ಆ ಹೆಸರು ಹೋಗಿದೆ ಎಂದಿತು. ‘ಭದ್ರ’ ಎಂದ, ಅದೂ ಹೋಗಿತ್ತು. ಹೆಂಡತಿಯ ಹೆಸರು ಕೊಟ್ಟು ನೋಡಿದ, ಅದನ್ನೂ ಯಾವನೋ ಇಟ್ಟುಕೊಂಡಿದ್ದ. ಆ ಯಾವನೋ ಯಾರಿರಬಹುದು ಎಂದು ಸ್ವಲ್ಪ ಹೊತ್ತು ಯೋಚಿಸುತ್ತಾ ಕೂತ. ಕೊನೆಗೆ ‘ಜೋಪಾನ’ ಎಂದು ಬರೆದಾಗ ಪರದೆ ಹಸಿರಾಯಿತು. ಇಡೀ ಪ್ರಪಂಚದಲ್ಲಿ ಆ ಹೆಸರಿಗೆ ಹಕ್ಕುದಾರ ತಾನೊಬ್ಬನೇ ಎಂದು ತಿಳಿದು ಅವನ ಎದೆ ಉಬ್ಬಿತು.

ಆಮೇಲೆ ಪ್ರಶ್ನೆಗಳು ಬಂದವು. ಹಳೆಯ ಪ್ರತಿಗಳನ್ನು ತಾನಾಗಿಯೇ ಅಳಿಸಬೇಕೆ? ದಿನಕ್ಕೊಂದು ಪ್ರತಿ ಬೀಳುತ್ತಾ ಹೋದರೆ ಕಸ ಗುಡ್ಡೆಯಾಗುತ್ತದೆ, ಅಳಿಸು ಎಂದ. ಎಷ್ಟು ಹಳೆಯದನ್ನು? ಒಂದು ತಿಂಗಳು ದಾಟಿದ್ದನ್ನು. ಬಕೆಟ್ಟಿನ ಯಾವುದೋ ಒಂದು ಮೂಲೆಗೆ ಮಾತ್ರವೋ, ಪೂರ್ತಿಗೋ? ಜೋಪಾನಪ್ಪ ಅರ್ಧಂಬರ್ಧ ಕೆಲಸದವನಲ್ಲ, ಪೂರ್ತಿಗೆ ಎಂದ. ಅಳಿಸಿದ್ದನ್ನು ಮತ್ತೆ ತೆಗೆಯಲು ಬರುವಂತೆ ಅಡಗಿಸಿಡಬೇಕೆ? ಬಿಸಾಕಿದ ಮೇಲೆ ಬಿಸಾಕಿದ ಹಾಗೆ, ಬೇಡ ಎಂದ. ಕೋಡಿನ ಮಟ್ಟಿಗೆ ಇವು ಅಷ್ಟೇನೂ ತಪ್ಪು ಉತ್ತರಗಳಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ದಿನವೂ ಸಂಜೆ ಹೊಸ ಪ್ರತಿ ಬೀಳುತ್ತಿತ್ತು, ಹಳೆಯದು ಕಳಚಿ ಹೋಗುತ್ತಿತ್ತು. ಕನ್ನಡಕದಾಕೆ ಬಂದು ನೋಡಿ, ಕೆಲಸ ಮಾಡ್ತಿದೆಯಲ್ಲ ಎಂದಳು. ಆ ‘ಅಲ್ಲ’ದಲ್ಲಿದ್ದ ಆಶ್ಚರ್ಯವನ್ನು ಜೋಪಾನಪ್ಪ ಪ್ರಶಂಸೆ ಎಂದೇ ತಿಳಿದ.

ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಭಾನುವಾರ ಕಟ್ಟಡದ ನೀರಿನ ಟ್ಯಾಂಕು ತೊಳೆಸುವ ವಿಷಯಕ್ಕೆ ತಾರಸಿಯ ಮೇಲೆ ಸಭೆ ಸೇರಿತು. ಟ್ಯಾಂಕಿನ ಮಾತು ಮುಗಿಯುವ ಮೊದಲೇ ಕೆಳಮನೆಯ ನಿವೃತ್ತ ಮೇಷ್ಟ್ರು ತಮ್ಮ ದುಃಖ ತೋಡಿಕೊಂಡರು. ಅವರ ಕಂಪ್ಯೂಟರು ಮುದಿಯಾಗಿತ್ತು, ಯಾವಾಗ ಕಣ್ಣು ಮುಚ್ಚುತ್ತದೋ ಗೊತ್ತಿಲ್ಲ, ಮೊಮ್ಮಕ್ಕಳ ಫೋಟೋ ಅಷ್ಟೂ ಅದರಲ್ಲೇ ಇದೆ. ಜೋಪಾನಪ್ಪನ ಭಾವಮೈದುನನೂ ಅಲ್ಲಿದ್ದ. ತಾನು ಮೊನ್ನೆ ತಂದ ಉಕ್ಕಿನ ಬೀರು ಬೆಂಕಿಗೂ ಜಗ್ಗುವುದಿಲ್ಲ, ಬೇಕಿದ್ದರೆ ಕಂಪ್ಯೂಟರನ್ನೇ ಅದರೊಳಗೆ ಇಡಿ ಎಂದ.

ಹೆಂಡತಿಯ ತಮ್ಮ ಹೀಗೆ ನಾಲ್ಕು ಜನರೆದುರು ಭದ್ರತೆಯ ವಿಷಯ ಮಾತಾಡುವುದು ಯಾವ ಭಾವನಿಗೆ ಸಹಿಸುತ್ತದೆ? ಜೋಪಾನಪ್ಪ ಗಂಟಲು ಸರಿಮಾಡಿಕೊಂಡು, “ಬೀರು ಗೀರು ಎಲ್ಲ ಹಳೇ ಕಾಲದ್ದು. ನನ್ನ ಹತ್ತಿರ ಒಂದು ಜಾಗ ಇದೆ. ಅಲ್ಲಿಟ್ಟದ್ದು ಪ್ರಳಯ ಆದ್ರೂ ಹೋಗಲ್ಲ” ಎಂದ.

ಕಟ್ಟಡದ ಕಾರ್ಯದರ್ಶಿ ಟ್ಯಾಂಕಿನ ಲೆಕ್ಕ ನಿಲ್ಲಿಸಿದರು. ಮೇಷ್ಟ್ರು ಕುರ್ಚಿ ಹತ್ತಿರ ಎಳೆದುಕೊಂಡರು. ಎಲ್ಲಿದೆ ಆ ಜಾಗ ಎಂದು ಎಲ್ಲರೂ ಕೇಳಿದರು. ಜೋಪಾನಪ್ಪ ಬೆರಳನ್ನು ಮೇಲಕ್ಕೆ ತೋರಿಸಿದ. ತಾರಸಿಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ನೀಲಿ ಆಕಾಶ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ.

ಅಂದು ಸಂಜೆಯಿಂದಲೇ ಮನೆಗೆ ಜನ ಬರತೊಡಗಿದರು. ಮೇಷ್ಟ್ರು ಮೊಮ್ಮಕ್ಕಳನ್ನು ತಂದುಕೊಟ್ಟರು. ದರ್ಜಿ ಅಂಗಡಿಯವಳು ಮಗಳ ಮದುವೆಯ ವಿಡಿಯೋ ತಂದಳು. ಅದರಲ್ಲಿ ಊಟದ ಸಾಲೇ ಅರ್ಧ ಇತ್ತು. ಬೀರು ಕೊಂಡ ಭಾವಮೈದುನ ಕೂಡ, ಅಕ್ಕನ ಮುಖ ನೋಡಿ ಕೊಡ್ತಿದೀನಿ ಅಷ್ಟೆ ಎಂದು ಗೊಣಗಿಕೊಂಡೇ, ತಾನು ಬೈಕಿನ ಮೇಲೆ ಕೂತ ಫೋಟೋಗಳನ್ನು ಒಪ್ಪಿಸಿದ. ಕಂಪನಿಯ ಬಕೆಟ್ಟಿನಲ್ಲಿ ಜೋಪಾನಪ್ಪ ‘ಮನೆ’ ಎಂದು ಒಂದು ಗೂಡು ಮಾಡಿ ಎಲ್ಲವನ್ನೂ ಅದರೊಳಗೆ ಹಾಕುತ್ತಾ ಹೋದ, ಇನ್ನು ಎರಡೆರಡು ಕಡೆ ಏಕೆ ಎಂದು ಅವರವರ ಬಳಿ ಇದ್ದದ್ದನ್ನು ಅಳಿಸಿಯೂ ಕೊಟ್ಟ. ಇದು ಆಫೀಸಿನ ಜಾಗ ಅಲ್ವೇನ್ರೀ ಎಂದು ಹೆಂಡತಿ ಒಂದು ಸಲ ಕೇಳಿದಳು. ಸಮುದ್ರಕ್ಕೆ ಒಂದು ತಂಬಿಗೆ ನೀರು ಹೆಚ್ಚಾಗುತ್ತದಾ ಎಂದು ಇವನು ತತ್ವ ಹೇಳಿದ.

ಬಂದವರೆಲ್ಲರ ಕೊನೆಗೆ ಅವನು ತಾನಾಗಿಯೇ ಹೋಗಿ ಕೇಳಿದ್ದು ಸೋದರತ್ತೆಯನ್ನು. ತಂದೆಯ ತಂಗಿ, ಹಿಂದಿನ ಬೀದಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಳು. ಗಡಿಯಾರ ರಿಪೇರಿ ಮಾಡುತ್ತಿದ್ದ ಮಾವ ಹಿಂದಿನ ವರ್ಷ ತೀರಿಕೊಂಡಿದ್ದ. ಮಕ್ಕಳಿಲ್ಲ. ಅವಳ ಹಳೆಯ ಫೋನಿನಲ್ಲಿ ಮಾವ ಆಸ್ಪತ್ರೆಯಿಂದ ಕಳಿಸಿದ್ದ ಒಂದು ಧ್ವನಿ ಸಂದೇಶ ಇತ್ತು. ದಿನಾ ಊಟವಾದ ಮೇಲೆ ಅದನ್ನು ಒಮ್ಮೆ ಕೇಳಿ ಮಲಗುವುದು ಅವಳ ರೂಢಿ. ಫೋನು ಮಾತ್ರ ‘ಜಾಗ ಇಲ್ಲ’ ಎಂದು ಬೆಳಗಿನಿಂದ ಸಂಜೆಯವರೆಗೂ ಕೂಗಿಕೊಳ್ಳುತ್ತಿತ್ತು, ಒಮ್ಮೊಮ್ಮೆ ಕೈಯಲ್ಲೇ ಸತ್ತುಹೋಗುತ್ತಿತ್ತು.

“ಅತ್ತೆ, ಇದು ಒಂದು ದಿನ ಪೂರ್ತಿ ಕೈ ಕೊಡುತ್ತೆ. ಮಾವನ ದನೀನ ಮೇಲಿಟ್ಟುಬಿಡೋಣ” ಎಂದ.

ಅತ್ತೆ ಫೋನನ್ನು ಎದೆಗೆ ಒತ್ತಿಕೊಂಡಳು. “ಇಲ್ಲೇ ಇರಲಿ ಬಿಡೋ. ಹತ್ತಿರ ಇದ್ದರೆ ಧೈರ್ಯ” ಎಂದಳು. ಜೋಪಾನಪ್ಪ ಬಿಡಲಿಲ್ಲ. ಫೋನು ಬಿದ್ದು ಒಡೆದವರ ಕಥೆ, ನೀರಿಗೆ ಬಿದ್ದವರ ಕಥೆ, ಕಳ್ಳರ ಕಥೆ ಎಲ್ಲವನ್ನೂ ಹೇಳಿ ಆ ಮುದುಕಿಗೆ ಹೆದರಿಕೆ ಹುಟ್ಟಿಸಿದ. ಯಾವಾಗ ಬೇಕೆಂದರೂ ಒಂದು ಮಾತು ಹೇಳು, ಇಳಿಸಿಕೊಡುತ್ತೇನೆ ಎಂದು ಭಾಷೆ ಕೊಟ್ಟ. ಸಂದೇಶವನ್ನು ಬಕೆಟ್ಟಿಗೆ ಹಾಕಿ, ಸರಿಯಾಗಿ ಬಂದಿದೆಯೇ ಎಂದು ಮೊದಲಿಂದ ಕೊನೆಯವರೆಗೆ ಒಮ್ಮೆ ಕೇಳಿ, ಜಾಗ ಮಾಡಿಕೊಡುವ ಉಪಕಾರಕ್ಕೆಂದು ಫೋನಿನಲ್ಲಿದ್ದದ್ದನ್ನು ತನ್ನ ಕೈಯಾರೆ ಅಳಿಸಿದ. ಫೋನು ಕೂಗುವುದನ್ನು ನಿಲ್ಲಿಸಿತು. ಅತ್ತೆ ಅವನಿಗೆ ಕಾಫಿ ಮಾಡಿಕೊಟ್ಟಳು.

ಆಮೇಲೆ ಅವಳು ಕೇಳಲಿಲ್ಲ. ಬೇಕೆನಿಸದೆ ಅಲ್ಲ. ಆಫೀಸಿಗೆ ಹೋಗುವ ಹುಡುಗನಿಗೆ ದಿನಾ ತೊಂದರೆ ಕೊಡುವುದು ಹೇಗೆ ಎಂದು ಸುಮ್ಮನಿದ್ದಳು. ನಲವತ್ತು ದಾಟಿದ ಜೋಪಾನಪ್ಪ ಅವಳಿಗೆ ಇನ್ನೂ ಹುಡುಗನೇ.

ಹೀಗೆ ತಿಂಗಳ ಮೇಲೆ ಕೆಲವು ದಿನ ಕಳೆದಾಗ ಆಫೀಸಿನ ಅಡುಗೆ ಕೋಣೆಯ ನಲ್ಲಿಯನ್ನು ಯಾರೋ ತೆರೆದಿಟ್ಟು ಮನೆಗೆ ಹೋದರು. ಬೆಳಿಗ್ಗೆ ಬಂದು ನೋಡಿದರೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮೊಣಕಾಲುದ್ದ ನೀರು. ಎರಡು ಬೀಗವೂ ಭದ್ರವಾಗಿದ್ದವು. ಯಂತ್ರ ಮಾತ್ರ ಸತ್ತಿತ್ತು. ಯಜಮಾನರು ಮೆಟ್ಟಿಲ ಮೇಲೆಯೇ ಕುಸಿದು ಕೂತರು. ಕನ್ನಡಕದಾಕೆ ಒಂದು ಹೊಸ ಯಂತ್ರ ತರಿಸಿ, ಬಕೆಟ್ಟಿನಿಂದ ಹಿಂದಿನ ಸಂಜೆಯ ಪ್ರತಿಯನ್ನು ಇಳಿಸಿದಳು. ಮಧ್ಯಾಹ್ನದ ಊಟದ ಹೊತ್ತಿಗೆ ಕೋಡೆಲ್ಲ ಒಂದಕ್ಷರ ಮುಕ್ಕಾಗದೆ ಎದ್ದು ಕೂತಿತು. ಲಿಫ್ಟುಗಳು ಎಂದಿನಂತೆ ಮಹಡಿಗಳ ನಡುವೆ ಸಿಕ್ಕಿಕೊಳ್ಳತೊಡಗಿದವು.

ಆ ದಿನ ಜೋಪಾನಪ್ಪನಿಗೆ ಸಂದ ಮರ್ಯಾದೆ ಕಂಪನಿ ಹುಟ್ಟಿದಾಗಿನಿಂದ ಯಾರಿಗೂ ಸಂದಿರಲಿಲ್ಲ. ಯಜಮಾನರು ಅವನನ್ನು ಮೇಜಿನ ಮುಂದೆ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದರು. ಅವನ ಫೋಟೋ ತೆಗೆದು ಗೋಡೆಗೆ ಹಾಕಿಸಿದರು. ಎರಡು ಮಾತಾಡಿ ಎಂದರು. ಎರಡು ಮಾತಿನಲ್ಲಿ ನಿಲ್ಲುವ ಆಸಾಮಿಯೇ ಅವನು? ದೊಡ್ಡ ಪರದೆಯ ಮೇಲೆ ಬಕೆಟ್ಟನ್ನು ತೆರೆದು ತೋರಿಸುತ್ತಾ, ಇಲ್ಲಿ ಬಿದ್ದದ್ದು ಯಾವತ್ತೂ ಹೋಗುವುದಿಲ್ಲ, ಉದಾಹರಣೆಗೆ ನಮ್ಮ ಮನೆಯವರದೇ ಕೆಲವು ವಸ್ತುಗಳನ್ನು ನೋಡಿ ಎಂದು ‘ಮನೆ’ ಗೂಡನ್ನು ಒತ್ತಿದ.

ಅದರಲ್ಲಿ ಒಂದೇ ಒಂದು ವಿಡಿಯೋ ಇತ್ತು. ಎಲ್ಲರಿಗಿಂತ ತಡವಾಗಿ, ಹಿಂದಿನ ವಾರವಷ್ಟೇ ಕಾರ್ಯದರ್ಶಿಗಳು ತಂದುಕೊಟ್ಟದ್ದು. ಒತ್ತಿದ ಕೂಡಲೇ ಗೋಡೆಯ ತುಂಬ ನೀರಿನ ಟ್ಯಾಂಕು ಕಾಣಿಸಿತು. ಅದರೊಳಗೆ ಒಬ್ಬ ಮನುಷ್ಯ ಪೊರಕೆ ಹಿಡಿದು ಪಾಚಿ ಉಜ್ಜುತ್ತಿದ್ದ. ಬಹಳ ಹೊತ್ತು ಉಜ್ಜಿದ. ಜನ ಇದರ ಒಳ ಅರ್ಥವೇನೆಂದು ಗಂಭೀರವಾಗಿ ನೋಡಿದರು.

ಚಪ್ಪಾಳೆ ಮುಗಿದು ಎಲ್ಲರೂ ಹೋದ ಮೇಲೆ ಜೋಪಾನಪ್ಪ ಬೆವರುತ್ತಾ ಕನ್ನಡಕದಾಕೆಯ ಮೇಜಿಗೆ ಬಂದ. ಉಳಿದದ್ದೆಲ್ಲ ಎಲ್ಲಿ ಹೋಯಿತು ಎಂದು ಮೆಲ್ಲಗೆ ಕೇಳಿದ. ಅವಳು ಬಕೆಟ್ಟಿನ ನಿಯಮಗಳನ್ನು ತೆರೆದು ನೋಡಿದಳು.

“ಒಂದು ತಿಂಗಳಾಗಿದ್ದನ್ನೆಲ್ಲ ಅಳಿಸು ಅಂತ ನೀವೇ ಹೇಳಿದೀರಲ್ಲ ಸಾರ್. ಪೂರ್ತಿ ಬಕೆಟ್ಟಿಗೆ. ಕೋಡು ದಿನಾ ಹೊಸದು ಬರುತ್ತೆ, ಅದಕ್ಕೆ ಉಳೀತು. ನಿಮ್ಮದು ಒಂದೇ ಸಲ ಹಾಕಿದ್ದು.”

ವಾಪಸ್ ತರಿಸಲು ದಾರಿ ಇದೆಯೇ ಎಂದು ಕೇಳಿದ. ಅಳಿಸಿದ್ದನ್ನು ಅಡಗಿಸಿಡಬೇಕೆ ಎಂದು ಅದು ಕೇಳಿರಬೇಕಲ್ಲ, ಬೇಡ ಅಂದಿದ್ದೀರಿ ಎಂದಳು. ಜೋಪಾನಪ್ಪನ ತಲೆಯ ಮೇಲೆ, ಗೋಡೆಯಲ್ಲಿ, ಅವನದೇ ಫೋಟೋ ನಗುತ್ತಿತ್ತು.

ನಿಜ ಹೇಳಿಬಿಡುವುದಕ್ಕೆ ಅದು ಒಳ್ಳೆಯ ಸಮಯವಾಗಿತ್ತು. ಆದರೆ ಒಳ್ಳೆಯ ಸಮಯವನ್ನು ನೋಡಿಕೊಂಡು ನಿಜ ಹೇಳುವ ಜನ ಬೇರೆ. ಆ ಸಂಜೆ ಮೇಷ್ಟ್ರು ಮೆಟ್ಟಿಲಲ್ಲಿ ಸಿಕ್ಕಿ, ದೊಡ್ಡ ಮೊಮ್ಮಗನ ಫೋಟೋ ಒಂದು ಬೇಕಿತ್ತಲ್ಲಪ್ಪ ಎಂದಾಗ ಅವನು, “ಮೇಲೆ ಸ್ವಲ್ಪ ರಿಪೇರಿ ನಡೀತಿದೆ ಮೇಷ್ಟ್ರೇ” ಎಂದ. ಮೇಷ್ಟ್ರು ಇದನ್ನು ಕಾರ್ಯದರ್ಶಿಗಳಿಗೆ ಹೇಳಿದರು. ಕಾರ್ಯದರ್ಶಿಗಳು ತಮ್ಮ ಅನುಮತಿ ಇಲ್ಲದೆ ತಾರಸಿಯಲ್ಲಿ ಯಾರು ರಿಪೇರಿ ಮಾಡುತ್ತಿದ್ದಾರೆಂದು ಸಿಟ್ಟಾಗಿ ಮೇಲೆ ಹತ್ತಿದರು. ಅಲ್ಲಿ ಯಾರೂ ಇರಲಿಲ್ಲ. ರಿಪೇರಿ ಅರ್ಧಕ್ಕೇ ನಿಂತಿದೆ ಎಂದು ಸುದ್ದಿಯಾಯಿತು. ದರ್ಜಿ ಅಂಗಡಿಯವಳಿಗೆ ಅದು ತಲುಪುವ ಹೊತ್ತಿಗೆ, ಮೇಲೆ ಇಟ್ಟದ್ದೆಲ್ಲ ಸೋರುತ್ತಿದೆ ಎಂದಾಗಿತ್ತು. ನೀರು ಬಿದ್ದರೆ ವಿಡಿಯೋ ಒಣಗಿಸಬಹುದಾ ಎಂದು ಅವಳು ಜೋಪಾನಪ್ಪನ ಹೆಂಡತಿಯನ್ನು ಕೇಳಿದಳು. ಹೆಂಡತಿ ಗಂಡನ ಮುಖ ನೋಡಿದಳು. ಗಂಡ ಬಾಗಿಲ ಚಿಲಕ ನೋಡುತ್ತಿದ್ದ.

ಕೊನೆಗೆ ಮೇಷ್ಟ್ರ ಮುಂದಾಳತ್ವದಲ್ಲಿ ಒಂದು ನಿಯೋಗ ಕಂಪನಿಗೇ ಹೋಯಿತು. ಭಾವಮೈದುನ ಜೊತೆಗಿದ್ದ, ಅಂಥ ಸಂದರ್ಭ ಅವನು ಬಿಡುವವನಲ್ಲ. ಯಜಮಾನರು ಇವರು ಜೋಪಾನಪ್ಪನನ್ನು ಅಭಿನಂದಿಸಲು ಬಂದವರೆಂದು ತಿಳಿದು ಕುರ್ಚಿ ಹಾಕಿಸಿದರು. ಇವರಿಂದಲೇ ನಾವು ಉಳಿದದ್ದು, ಇವರ ಬಕೆಟ್ಟಿನಲ್ಲಿ ಒಂದಕ್ಷರ ಹಾಳಾಗಲಿಲ್ಲ ಎಂದು ಹೊಗಳಿದರು. ಹಾಗಾದರೆ ನಮ್ಮದೂ ಇದೆ ಎಂದು ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ನಿಮ್ಮದು ಯಾವುದು ಎಂದು ಯಜಮಾನರು ಕೇಳಿದರು. ಮೊಮ್ಮಕ್ಕಳು ಎಂದರು ಮೇಷ್ಟ್ರು. ನನ್ನ ಮಗಳ ಮದುವೆ ಎಂದಳು ದರ್ಜಿ ಅಂಗಡಿಯವಳು. ನಮ್ಮ ಕಂಪನಿಯ ಬಕೆಟ್ಟಿನಲ್ಲಿ ಮದುವೆಯೇ ಎಂದು ಯಜಮಾನರು ಜೋಪಾನಪ್ಪನ ಕಡೆ ತಿರುಗಿದರು.

ಜೋಪಾನಪ್ಪ ಅಲ್ಲಿ ಎಲ್ಲವನ್ನೂ ಹೇಳಿದ. ಅವನು ಮುಗಿಸಿದ ಮೇಲೆ ಭಾವಮೈದುನ, ಬೀರು ಇನ್ನೂ ಖಾಲಿ ಇದೆ ಎಂದು ಗೋಡೆಗೆ ಹೇಳಿದ. ಗೋಡೆಯ ಮೇಲಿನ ಫೋಟೋವನ್ನು ಮರುದಿನ ತೆಗೆದು ಹಾಕಿದರು. ಕೆಲಸದಿಂದ ತೆಗೆಯಲಿಲ್ಲ, ಪ್ರಿಂಟರಿನ ಇಂಕಿಗೆ ಬೇರೆ ಯಾರಿದ್ದರು?

ಕಟ್ಟಡದವರು ಒಂದು ವಾರ ಅವನನ್ನು ಬೈದರು. ಅವನು ‘ಜೋಪಾನ’ ಎಂದರೆ ಮಕ್ಕಳು ಕೂಡ ನಗುತ್ತಿದ್ದರು. ಆದರೆ ಹುಡುಕುತ್ತಾ ಹೋದ ಹಾಗೆ ಎಲ್ಲರದೂ ಒಂದೊಂದೇ ಸಿಗತೊಡಗಿತು. ಮೊಮ್ಮಕ್ಕಳ ಫೋಟೋಗಳು ಮೇಷ್ಟ್ರ ಸೊಸೆಯ ಬಳಿ ಇದ್ದವು, ಬೀಗರ ಬಳಿ ಇದ್ದವು. ಮದುವೆಯ ವಿಡಿಯೋವನ್ನು ಊಟದ ಸಾಲಿನಲ್ಲಿ ಕಾಣಿಸಿಕೊಂಡವರೆಲ್ಲ ಇಟ್ಟುಕೊಂಡಿದ್ದರು. ಭಾವಮೈದುನನ ಬೈಕಿನ ಫೋಟೋಗಳಂತೂ ಬೇಡವೆಂದವರ ಫೋನಿನಲ್ಲೂ ಇದ್ದವು. ಜನ ಮೆಚ್ಚಿ ಹತ್ತು ಕಡೆ ಹಂಚಿದ್ದು ಯಾವುದೂ ಸಾಯಲಿಲ್ಲ. ಒಬ್ಬರು ಇನ್ನೊಬ್ಬರಿಗೆಂದೇ ಹೇಳಿದ್ದು ಮಾತ್ರ ಹೋಯಿತು.

ಅತ್ತೆ ನಿಯೋಗದಲ್ಲಿ ಬಂದಿರಲಿಲ್ಲ. ಅವಳಿಗೆ ಯಾರೂ ಹೇಳಿಯೂ ಇರಲಿಲ್ಲ. ಜೋಪಾನಪ್ಪ ಮೂರು ಸಲ ಹಿಂದಿನ ಬೀದಿಗೆ ಹೋಗಿ, ಬಾಗಿಲವರೆಗೂ ನಡೆದು, ಹಿಂದಿರುಗಿದ್ದ. ನಾಲ್ಕನೆಯ ಸಲ ಅತ್ತೆಯೇ ಕಿಟಕಿಯಿಂದ ನೋಡಿ ಕರೆದಳು.

“ಬಂದಿದ್ದು ಒಳ್ಳೇದಾಯ್ತು. ನಾಳೆಗೆ ನಿಮ್ಮ ಮಾವ ಹೋಗಿ ವರ್ಷ ಆಗುತ್ತೆ. ಒಂದು ಸಲ ಇಳಿಸಿಕೊಡ್ತೀಯೇನೋ?”

ಜೋಪಾನಪ್ಪ ಚಾಪೆಯ ಮೇಲೆ ಕೂತ. ಮೇಲೆ ರಿಪೇರಿ ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ಅದನ್ನು ನುಂಗಿಕೊಂಡು, ಅದು ಹೋಯಿತು ಅತ್ತೆ, ನಾನೇ ಕಳೆದುಬಿಟ್ಟೆ ಎಂದ. ಹೇಗೆ ಎಂದು ಹೇಳಲು ಹೋಗಿ ನಿಯಮ, ತಿಂಗಳು, ಬಕೆಟ್ಟು ಎಂದೆಲ್ಲ ತೊದಲಿದ. ಅತ್ತೆ ಕೈ ಎತ್ತಿ ಸಾಕು ಎಂದಳು. ಬೈಯಲಿಲ್ಲ. ಗೋಡೆಗೆ ಒರಗಿ ಕೂತು ಫೋನನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ ಇದ್ದಳು. ಬೈದಿದ್ದರೆ ಅವನಿಗೆ ಊಟ ಸೇರುತ್ತಿತ್ತು.

ಆಮೇಲೆ ಫೋನನ್ನು ಪಕ್ಕಕ್ಕಿಟ್ಟು, ನೀನು ಅದನ್ನು ಹಾಕುವಾಗ ಪೂರ್ತಿ ಕೇಳಿದ್ದೆ ಅಲ್ವಾ ಎಂದಳು. ಕೇಳಿದ್ದೆ ಎಂದ. ಹೇಳು ನೋಡೋಣ ಎಂದಳು.

ಅವನು ಗಂಟಲು ಸರಿಮಾಡಿಕೊಂಡ. “ಲೇ, ಇವರು ಇನ್ನೂ ಒಳಗೆ ಕರೆದಿಲ್ಲ. ನೀನು ಊಟ ಮಾಡಿಬಿಡು, ನನಗೆ ಕಾಯಬೇಡ. ಹಾಲು...”

“ಮೊದಲು ಪಕ್ಕದವನ ಕೆಮ್ಮಿನ ವಿಷಯ ಬರುತ್ತೆ” ಎಂದು ಅತ್ತೆ ತಿದ್ದಿದಳು.

ಅವನು ಮತ್ತೆ ಮೊದಲಿಂದ ಶುರು ಮಾಡಿದ. “ಲೇ, ಇವರು ಇನ್ನೂ ಒಳಗೆ ಕರೆದಿಲ್ಲ. ಪಕ್ಕದಲ್ಲಿ ಒಬ್ಬ ಕೂತಿದಾನೆ, ನನಗಿಂತ ಚೆನ್ನಾಗಿ ಕೆಮ್ತಾನೆ. ನೀನು ಊಟ ಮಾಡಿಬಿಡು, ನನಗೆ ಕಾಯಬೇಡ. ಹಾಲು ಒಲೆ ಮೇಲೆ ಬಿಟ್ಟು ಬಂದ್ನೋ ಏನೋ, ಒಂದು ಸಲ ನೋಡು. ಆಮೇಲೆ... ಏನೋ ಹೇಳ್ಬೇಕು ಅಂದ್ಕೊಂಡೆ, ಮರೆತುಹೋಯ್ತು. ಬಂದ ಮೇಲೆ ಹೇಳ್ತೀನಿ. ಇದನ್ನ ಹೇಗೆ ನಿಲ್ಲಿಸೋದೋ ಗೊತ್ತಾಗ್ತಿಲ್ಲ.”

ಅತ್ತೆ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಇನ್ನೊಂದು ಸಲ ಎಂದಳು. ಅವನು ಇನ್ನೊಂದು ಸಲ ಹೇಳಿದ. ಈ ಸಲ ಮಾವನ ಹಾಗೆ ಎಳೆದು ಎಳೆದು, ನಡುವೆ ಉಸಿರು ತೆಗೆದುಕೊಂಡು, ತನಗೆ ತಿಳಿದ ಮಟ್ಟಿಗೆ ದನಿ ದಪ್ಪ ಮಾಡಿಕೊಂಡು ಹೇಳಿದ. ಊಟ ಮಾಡಿಬಿಡು ಎಂಬಲ್ಲಿಗೆ ಬಂದಾಗ ಅತ್ತೆ ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು.

“ಮಾತೆಲ್ಲ ಸರಿಯಾಗೇ ಇದೆ ಕಣೋ” ಎಂದಳು. “ಆದರೆ ಮಾತಾಡ್ತಿರೋದು ನೀನು.”

ಆಮೇಲೆ ಅವಳು ಎದ್ದು ಒಳಗೆ ಹೋದಳು. ಜೋಪಾನಪ್ಪ ಕತ್ತಲಾಗುವವರೆಗೂ ಚಾಪೆಯ ಮೇಲೆಯೇ ಕೂತಿದ್ದ.